ಅತ್ತಿಗೆ ಕೂತ ದಿನ

ಬುರುಡೆಯ ಅತ್ತಿಗೆ ಒಂದೇ ಒಂದು ಸಲ ಕುರ್ಚಿಯಲ್ಲಿ ಗಟ್ಟಿಯಾಗಿ ಕೂತಳು, ಸರ್ಕಾರ ಬಿದ್ದುಹೋಯಿತು. ಸುಮ್ಮನೆ ಬೀಳಲಿಲ್ಲ, ದಢಾರನೆ ಬಿತ್ತು. ಆ ಸದ್ದಿಗೆ ಮೂರು ಜಿಲ್ಲೆಯ ಕೋಳಿಗಳು ಮೊಟ್ಟೆಯಿಡುವುದನ್ನು ಮರೆತವು. ದೊಡ್ಡ ಮಂತ್ರಿಯ ಬಾಯಿಂದ ಕಟ್ಟಿಸಿದ ಹಲ್ಲು ಹಾರಿ ಪಕ್ಕದ ಮಂತ್ರಿಯ ಚಹಾದ ಲೋಟಕ್ಕೆ ಬಿತ್ತು. ಆತ ಅದನ್ನು ಸಕ್ಕರೆಯೆಂದು ಕಲಕಿ ಕುಡಿದ. ಸಭೆಯಲ್ಲಿದ್ದ ಅಷ್ಟೂ ಶಾಸಕರು ಎದ್ದು ಕೈಮುಗಿದು, ಅತ್ತಿಗೆಯನ್ನು ಕುರ್ಚಿಯ ಸಮೇತ ಹೆಗಲ ಮೇಲೆ ಹೊತ್ತು ಊರೆಲ್ಲ ಮೆರೆಸಿದರು.

ಇದನ್ನು ಹೇಳುತ್ತಿದ್ದವನು ಬುರುಡೆ. ಹೆತ್ತವರು ಇಟ್ಟ ಹೆಸರು ಬೇರೆ ಏನೋ ಇತ್ತು, ಅದು ಅವನಿಗೇ ಮರೆತಿದೆ. ಕಸದ ಗಾಡಿ ಓಡಿಸುವುದು ಅವನ ಕಸುಬು, ಬುರುಡೆ ಬಿಡುವುದು ಹವ್ಯಾಸ. ಎರಡರಲ್ಲೂ ತುಂಬಿ ತುಳುಕುವವರೆಗೆ ನಿಲ್ಲಿಸುವವನಲ್ಲ.

ಹೇಳುತ್ತಿದ್ದದ್ದು ನಗರಸಭೆಯ ಮುಂಬಾಗಿಲ ಮೆಟ್ಟಿಲ ಮೇಲೆ ಕೂತು. ಅವನೊಬ್ಬನೇ ಅಲ್ಲ, ಗುಡಿಸುವ ಹೆಂಗಸರೆಲ್ಲ ಆ ಬೆಳಿಗ್ಗೆ ಅಲ್ಲೇ ಕೂತಿದ್ದರು. ಹೋಗಿಬರುವವರ ಕಣ್ಣಿಗೆ ಬೀಳುವಂತೆ, ಪೊರಕೆಗಳನ್ನು ಮಡಿಲಲ್ಲಿಟ್ಟುಕೊಂಡು. ಹಿಂದಿನ ದಿನದವರೆಗೆ ಅವರಿಗೆ ಹಿಂಬದಿಯ ಮೆಟ್ಟಿಲ ಕೆಳಗೆ ಒಂದು ಬೆಂಚಿತ್ತು. ಮುರಿದ ಬಾಗಿಲನ್ನು ಇಟ್ಟಿಗೆಯ ಮೇಲೆ ಹಾಸಿ ಅವರೇ ಮಾಡಿಕೊಂಡದ್ದು. ಸೊಂಟ ಕಳಚಿ ಬೀಳುವಂತಾದಾಗ ಒಬ್ಬೊಬ್ಬರಾಗಿ ಹೋಗಿ ಅಲ್ಲಿ ಒಂದು ಗಳಿಗೆ ಕೂತು ಬರುತ್ತಿದ್ದರು. ಗುತ್ತಿಗೆದಾರನ ಕಣ್ಣಿಗೆ ಅದು ಬಿತ್ತು. ಕೂರುವುದಕ್ಕೆ ಕೂಲಿ ಕೊಡುತ್ತಿಲ್ಲ ಎಂದ. ಮೇಸ್ತ್ರಿ ಬಾಗಿಲನ್ನು ಒಡೆಸಿ ಸೌದೆ ಮಾಡಿಸಿದ. ಹಿಂದೆ ಕೂರಬಾರದು ಅಂದರೆ ಮುಂದೆ ಕೂರುತ್ತೇವೆ ಎಂದು ಬಂದು ಕೂತವರು ಇವರು. ಮೇಸ್ತ್ರಿ ಕಿರುಚಿ ಕಿರುಚಿ ಗಂಟಲು ಕಟ್ಟಿಕೊಂಡು, ಗುತ್ತಿಗೆದಾರನನ್ನು ಕರೆತರಲು ಓಡಿದ್ದ.

ಒಬ್ಬಳು ಮಾತ್ರ ನಿಂತಿದ್ದಳು. ಕೆಲಸಕ್ಕೆ ಹೊಸಬಳು. ಕಂಬದ ಪಕ್ಕ, ಕಂಬಕ್ಕೆ ಮೈ ತಾಗದಂತೆ, ಪೊರಕೆಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಗೋಡೆಗೆ, ಕಂಬಕ್ಕೆ ಒರಗಬಾರದು, ಬಣ್ಣ ಕೊಳೆಯಾಗುತ್ತದೆ ಎಂದು ಮೇಸ್ತ್ರಿ ಮೊದಲ ದಿನವೇ ಕಲಿಸಿದ್ದ. ಅವಳೊಬ್ಬಳು ನಿಂತರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಅವಳ ಕೈಯಲ್ಲಿ ಪೊರಕೆ ಆಡಿತೆಂದರೆ ಸಾಕು, ಗುತ್ತಿಗೆದಾರ ಅವಳನ್ನೇ ತೋರಿಸಿ, ಇವಳಿಗಿಲ್ಲದ ಸೊಂಟನೋವು ನಿಮಗೇನು ಎಂದು ಉಳಿದವರನ್ನೆಲ್ಲ ಮನೆಗೆ ಅಟ್ಟುತ್ತಾನೆ. ಹಿಂದೆ ಎರಡು ಸಲ ಹಾಗೆಯೇ ಆಗಿತ್ತು. ಅದಕ್ಕೇ ಬುರುಡೆ ಅವಳನ್ನು ಹೇಗಾದರೂ ಮಾಡಿ ಕೂರಿಸಲೆಂದು ಅತ್ತಿಗೆಯ ಕಥೆ ತೆಗೆದಿದ್ದ. ಅತ್ತಿಗೆ ಅಲ್ಲಿರಲಿಲ್ಲ. ಆಸ್ಪತ್ರೆ ಬೀದಿಯ ಹೆಂಗಸರನ್ನೂ ಕರೆತರುತ್ತೇನೆಂದು ಹೋಗಿದ್ದಳು. ಅವಳಿಲ್ಲದ್ದು ಬುರುಡೆಗೆ ಒಳ್ಳೆಯದೇ ಆಗಿತ್ತು.

ಅತ್ತಿಗೆ ಮಾಜಿ ಶಾಸಕಿ. ಇದು ಮಾತ್ರ ಬುರುಡೆಯಲ್ಲ. ಒಂದು ಅವಧಿ, ಪೂರ್ತಿ, ಶಾಸನಸಭೆಯಲ್ಲಿ ಇದ್ದು ಬಂದವಳು. ಈಗ ಅದೇ ಊರಿನ ಅದೇ ಬೀದಿ ಗುಡಿಸುತ್ತಾಳೆ. ಮಾಜಿ ಶಾಸಕರಿಗೆ ಬರುವ ಪಿಂಚಣಿ ಅವಳಿಗೆ ಯಾಕಿಲ್ಲ ಎಂದು ಕೇಳಿದರೆ, ಪ್ರಕರಣ ಇತ್ಯರ್ಥವಾಗಿಲ್ಲ ಎನ್ನುತ್ತಾರೆ. ಪ್ರಕರಣ ಏನೆಂದರೆ, ಕೂತದ್ದು.

ಅವಳು ಶಾಸಕಿಯಾದದ್ದು ಹೀಗೆ. ಆಗ ಅವಳು ನಗರಸಭೆಯ ಬೀದಿ ಗುಡಿಸಿದ ಮೇಲೆ ಪಕ್ಷದ ಕಚೇರಿಯನ್ನೂ ಗುಡಿಸುತ್ತಿದ್ದಳು. ಪಕ್ಷಕ್ಕೊಬ್ಬ ಯಜಮಾನ, ಯಜಮಾನನಿಗೆ ಇಬ್ಬರು ಅಳಿಯಂದಿರು, ಇಬ್ಬರಿಗೂ ಇದ್ದದ್ದು ಒಂದೇ ಕ್ಷೇತ್ರದ ಮೇಲೆ ಕಣ್ಣು. ದೊಡ್ಡ ಅಳಿಯನಿಗೆ ಟಿಕೆಟ್ ಕೊಟ್ಟರೆ ಚಿಕ್ಕ ಮಗಳು ವಿಷ ಕುಡಿಯುತ್ತೇನೆ ಅನ್ನುತ್ತಿದ್ದಳು, ಚಿಕ್ಕವನಿಗೆ ಕೊಟ್ಟರೆ ದೊಡ್ಡವಳು ಬಾವಿ ನೋಡಿಕೊಳ್ಳುತ್ತೇನೆ ಅನ್ನುತ್ತಿದ್ದಳು. ಒಂದು ದಿನ ಇಬ್ಬರು ಅಳಿಯಂದಿರೂ ಕಚೇರಿಯಲ್ಲೇ ಕೊರಳಪಟ್ಟಿ ಹಿಡಿದುಕೊಂಡರು. ಯಜಮಾನನ ಪಿತ್ತ ನೆತ್ತಿಗೇರಿತು. ನನ್ನ ಹೆಸರಲ್ಲಿ ಈ ಕ್ಷೇತ್ರದಲ್ಲಿ ಒಂದು ಪೊರಕೆ ನಿಲ್ಲಿಸಿದರೂ ಗೆಲ್ಲುತ್ತದೆ, ನಿಮ್ಮಿಬ್ಬರ ಹಂಗು ಯಾರಿಗೆ ಬೇಕು ಎಂದು ಮೇಜು ಗುದ್ದಿದ.

ಅದೇ ಹೊತ್ತಿಗೆ ಅತ್ತಿಗೆ ಮೇಜಿನ ಕೆಳಗಿಂದ, "ಕಾಲು ಎತ್ತಿ ಸಾಮಿ" ಅಂದಳು.

ಯಜಮಾನ ಕಾಲೆತ್ತಿದ. ಪೊರಕೆ ನೋಡಿದ. ಪೊರಕೆ ಹಿಡಿದವಳನ್ನು ನೋಡಿದ. ನಕ್ಕ. ಒಂದು ಅವಧಿ ಇವಳು ಕುರ್ಚಿ ಬೆಚ್ಚಗಿಟ್ಟಿರಲಿ, ಅಷ್ಟರಲ್ಲಿ ನೀವಿಬ್ಬರೂ ಬುದ್ಧಿ ಕಲಿಯಿರಿ ಎಂದ. ಅಳಿಯಂದಿರೂ ನಕ್ಕರು. ಇಬ್ಬರೂ ಕೂಡಿ ನಕ್ಕದ್ದು ಅದೇ ಮೊದಲು. ಅವಳು ಒಪ್ಪುತ್ತಾಳೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ. ಪೊರಕೆಯನ್ನು ಯಾರಾದರೂ ಕೇಳುತ್ತಾರೆಯೇ.

ಪ್ರಚಾರದಲ್ಲಿ ವೇದಿಕೆಯ ಮೇಲೆ ಎಲ್ಲರಿಗೂ ಕುರ್ಚಿ, ಅಭ್ಯರ್ಥಿಗೆ ಮೈಕಿನ ಪಕ್ಕ ನಿಲ್ಲುವ ಜಾಗ. ಯಜಮಾನ ಮಾತಾಡುತ್ತಿದ್ದ, ಅವಳು ಕೈಮುಗಿಯುತ್ತಿದ್ದಳು. ಸಭೆ ಮುಗಿದ ಮೇಲೆ ಮೈದಾನದ ತುಂಬ ಬಿದ್ದ ಕಾಗದ, ಬಾಟಲಿ, ಬಾಡಿದ ಹೂವನ್ನೆಲ್ಲ ಅವಳೇ ಗುಡಿಸಿ ರಾಶಿ ಮಾಡುತ್ತಿದ್ದಳು. ಬೇರೆ ಯಾರೂ ಗುಡಿಸುವುದಿಲ್ಲ, ಮರುದಿನ ತನ್ನ ಪಾಳಿಗೇ ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅವಳಿಗೆ ಬಿದ್ದ ಮತಗಳ ಬಗ್ಗೆ ಬುರುಡೆ ಹೇಳುವುದು ಇಷ್ಟು: ಪೆಟ್ಟಿಗೆಗಳು ಒಡೆದು ಮತಗಳು ಬೀದಿಯಲ್ಲಿ ಹರಿದವು, ಸ್ಮಶಾನದಿಂದ ಹೆಣಗಳು ಎದ್ದು ಬಂದು ಸಾಲಿನಲ್ಲಿ ನಿಂತು ಮತ ಹಾಕಿ ಹೋದವು. ಯಜಮಾನನ ಪಕ್ಷ ಗೊತ್ತಿದ್ದವರು ಹೆಣಗಳ ಮಾತನ್ನು ಅಲ್ಲಗಳೆಯುವುದಿಲ್ಲ.

ಶಾಸನಸಭೆಗೆ ಹೋದ ಮೊದಲ ದಿನ ಅತ್ತಿಗೆ ಹಿಂಬಾಗಿಲಿನಿಂದ ಒಳಗೆ ಹೋದಳು. ಬೇರೆ ಬಾಗಿಲು ತನಗೂ ಇದೆ ಎಂದು ಅವಳಿಗೆ ತೋಚಲೇ ಇಲ್ಲ. ಅಲ್ಲಿ ಗುಡಿಸುವವರ ಜೊತೆ ಮಾತಾಡುತ್ತ ಸಭಾಂಗಣಕ್ಕೆ ಬಂದು, ಕೊನೆಯ ಸಾಲಿನ ಹಿಂದೆ, ಗೋಡೆಗೆ ತಾಗದಂತೆ ನಿಂತಳು. ಮಾರ್ಷಲ್ ಬಂದು ಗದರಿದ: ಗುಡಿಸಿ ಆಯಿತಲ್ಲ, ಹೊರಗೆ ನಡಿ. ಅತ್ತಿಗೆ ಹೊರಗೆ ಹೋದಳು. ಪ್ರಮಾಣವಚನಕ್ಕೆ ಹೆಸರು ಕೂಗಿದಾಗ ಅವಳನ್ನು ಹುಡುಕಿ ತಂದದ್ದು ಕಕ್ಕಸಿನ ಪಕ್ಕದ ಮೊಗಸಾಲೆಯಿಂದ. ಬುರುಡೆ ಹೇಳುವ ಪ್ರಕಾರ ಆ ಮಾರ್ಷಲ್ ನಾಚಿಕೆಯಿಂದ ಮೀಸೆ ಬೋಳಿಸಿ ಸನ್ಯಾಸಿಯಾದ. ಆದರೆ ಮೀಸೆ ಅವನಿಗೆ ಮೊದಲೇ ಇರಲಿಲ್ಲ, ಅವನು ಅದೇ ಬಾಗಿಲಲ್ಲಿ ಅವಳ ಅವಧಿ ಮುಗಿಯುವವರೆಗೂ ಇದ್ದ.

ಅವಳಿಗೆ ಕುರ್ಚಿ ಕೊಟ್ಟರು. ಮೆತ್ತನೆಯ ಕುರ್ಚಿ. ಅದರ ಮೇಲೆ ಕೂರುವುದೇ ಅವಳಿಗೆ ಆಗದ ಕೆಲಸವಾಯಿತು. ನಗರಸಭೆಯಲ್ಲಿ ಕಲಿತ ಮೊದಲ ಪಾಠ: ಕಚೇರಿಯವರು ಯಾರೇ ಒಳಗೆ ಬರಲಿ, ಗುಡಿಸುವವರು ಎದ್ದು ಪಕ್ಕಕ್ಕೆ ಸರಿದು ನಿಲ್ಲಬೇಕು. ಮೇಸ್ತ್ರಿ ಬಂದರೂ ನಿಲ್ಲಬೇಕು, ಮೇಸ್ತ್ರಿಯ ನಾಯಿ ಬಂದರೂ ನಿಲ್ಲಬೇಕು. ಹದಿನಾರನೆಯ ವಯಸ್ಸಿನಿಂದ ಆ ಪಾಠ ಮಂಡಿಯಲ್ಲಿ ಕೂತಿತ್ತು, ತಲೆಯ ಮಾತು ಅದು ಕೇಳುತ್ತಿರಲಿಲ್ಲ. ಸಭೆಗೆ ಒಬ್ಬ ಶಾಸಕ ಬಂದರೆ ಎದ್ದಳು. ಇನ್ನೊಬ್ಬ ಬಂದರೆ ಎದ್ದಳು. ನೀರು ತರುವವನು ಬಂದರೂ ಎದ್ದಳು. ಸಭೆಯಲ್ಲಿ ಎದ್ದು ನಿಂತರೆ ಮಾತಾಡಬೇಕಿದೆ ಎಂದು ಅರ್ಥವಂತೆ. ಸಭಾಧ್ಯಕ್ಷರು ಮಂತ್ರಿಯ ಭಾಷಣ ನಿಲ್ಲಿಸಿ, ಮಾನ್ಯ ಸದಸ್ಯರು ಏನು ಹೇಳಬೇಕು ಎಂದು ಕೇಳುತ್ತಿದ್ದರು. "ಏನಿಲ್ಲ ಸಾಮಿ, ಇವರು ಬಂದ್ರು" ಅನ್ನುತ್ತಿದ್ದಳು. ಸಭೆಯೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಆಡಳಿತ ಪಕ್ಷ, ವಿರೋಧ ಪಕ್ಷ ಒಂದಾದದ್ದು ಆ ಐದು ವರ್ಷದಲ್ಲಿ ಅದೊಂದೇ ವಿಷಯಕ್ಕೆ. ಕೆಲವರು ಬೇಕೆಂದೇ ಹೊರಗೆ ಹೋಗಿ ಒಳಗೆ ಬರುತ್ತಿದ್ದರು, ಅವಳು ಏಳುವುದನ್ನು ನೋಡಲು. ಬರಬರುತ್ತ ಸಭಾಧ್ಯಕ್ಷರು ಕೇಳುವುದನ್ನೂ ಬಿಟ್ಟರು. ಅವಳು ಎದ್ದರೆ ತಲೆ ಎತ್ತದೆಯೇ, ಕೂತ್ಕೊಳ್ಳಮ್ಮ, ಯಾರೂ ಬಂದಿಲ್ಲ ಅನ್ನುತ್ತಿದ್ದರು.

ಮತ್ತೆ ಕೂರಲು ಬಗ್ಗಿದಾಗ ಅವಳ ಕಣ್ಣಿಗೆ ಬೀಳುತ್ತಿದ್ದದ್ದು ಮೇಜುಗಳ ಕೆಳಗಿನ ನೆಲ. ಕಡಲೆಕಾಯಿ ಸಿಪ್ಪೆ, ಕತ್ತರಿಸಿ ಬಿಸಾಡಿದ ಉಗುರು, ಅಂಟಿಸಿಟ್ಟ ಚೂಯಿಂಗ್ ಗಮ್. ರಾಜ್ಯದ ಭವಿಷ್ಯದ ಬಗ್ಗೆ ಮೇಲೆ ಮಾತು, ಕೆಳಗೆ ಕಾಲಿನಿಂದ ಸಿಪ್ಪೆ ಪಕ್ಕದವನ ಮೇಜಿನ ಅಡಿಗೆ ನೂಕುವುದು. ಅವಳು ಸುಮ್ಮನಿರಲಾರದೆ ತನ್ನ ಸಾಲಿನದನ್ನು ಆರಿಸಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು. ಅದಕ್ಕೂ ನಗು. ಆ ಕಟ್ಟಡ ಗುಡಿಸುವ ಹೆಂಗಸರಿಗೆ ಒಂದು ಕೋಣೆ ಬೇಕೆಂದು ಅಲೆದು ಅಲೆದು ಕಟ್ಟಿಸಿದಳು. ಚಿಕ್ಕ ಅಳಿಯ ಬಂದು ರಿಬ್ಬನ್ ಕತ್ತರಿಸಿದ. ಮರುವಾರ ಅದರಲ್ಲಿ ಹಳೆಯ ಕಡತ ತುಂಬಿ ಬೀಗ ಹಾಕಿದರು.

ಇಲ್ಲಿಯವರೆಗೆ ಬುರುಡೆ ಕೈ ಕಾಲು ಆಡಿಸಿಕೊಂಡು, ಎಲ್ಲರ ದನಿ ಮಾಡಿಕೊಂಡು ಹೇಳುತ್ತಿದ್ದ. ಹೊಸಬಳು ಕೂಡ ಒಂದೆರಡು ಸಲ ನಕ್ಕಿದ್ದಳು. ಮುಂದಿನದನ್ನು ಹೇಳುವಾಗ ಅವನ ಕೈ ಆಡಲಿಲ್ಲ. ಕೆಳಗಿನ ಮೆಟ್ಟಿಲಲ್ಲಿ ಕೂತಿದ್ದ ತನ್ನ ಹೆಂಡತಿಯ ಕಡೆ ನೋಡಲೂ ಇಲ್ಲ.

ಅತ್ತಿಗೆಯ ಅವಧಿಯ ಕೊನೆಯ ವರ್ಷ. ಅವಳ ಓರಗಿತ್ತಿ, ಅಂದರೆ ಬುರುಡೆಯ ಹೆಂಡತಿ, ಆಸ್ಪತ್ರೆಯ ಮೊಗಸಾಲೆ ಒರೆಸುತ್ತಿದ್ದಳು. ಏಳು ತಿಂಗಳು ತುಂಬಿತ್ತು. ಕಣ್ಣು ಕತ್ತಲಿಟ್ಟಿತು. ರೋಗಿಗಳ ಕಡೆಯವರಿಗೆಂದು ಹಾಕಿದ ಬೆಂಚಿನ ಮೇಲೆ ಕೂತಳು. ಮೇಲ್ವಿಚಾರಕ ನೋಡಿದ. ಕೂರೋದು ಅಷ್ಟು ಇಷ್ಟವಿದ್ದರೆ ನಿಂತೂ ನೋಡು ಎಂದು ಅಂಗಳದ ಬಿಸಿಲಿನಲ್ಲಿ ನಿಲ್ಲಿಸಿದ. ಕೈಯಲ್ಲಿ ನೀರು ತುಂಬಿದ ಬಕೆಟ್. ನೆಲಕ್ಕೆ ಇಡುವಂತಿಲ್ಲ. ಡಾಕ್ಟರುಗಳು ಪಕ್ಕದಲ್ಲೇ ಹಾದು ಹೋದರು. ಮಧ್ಯಾಹ್ನ ಅವಳು ಬಿದ್ದಳು. ಒಳಗೆ ಎತ್ತಿಕೊಂಡು ಹೋದರು. ಮಗು ಸತ್ತು ಹುಟ್ಟಿತು. ಅವಳು ಒರೆಸಿದ ನೆಲದ ಮೇಲೇ ಅದನ್ನು ಬಟ್ಟೆಯಲ್ಲಿ ಸುತ್ತಿ ಹೊರಗೆ ತಂದರು.

ಬುರುಡೆ ಇದಕ್ಕೆ ಒಂದು ಮಾತು ಕೂಡಿಸಲಿಲ್ಲ. ಕೂಡಿಸಲು ಅದರಲ್ಲಿ ಜಾಗವಿಲ್ಲ.

ಅತ್ತಿಗೆ ಯಜಮಾನನ ಮನೆಗೆ ಹೋದಳು. ಮೇಲ್ವಿಚಾರಕನಿಗೆ ಶಿಕ್ಷೆಯಾಗಬೇಕು ಎಂದಳು. ಸರ್ಕಾರ ಯಜಮಾನನ ಪಕ್ಷದ್ದೇ. ಅವನು ತಲೆದೂಗಿದ. ನಿಯಮವಿಲ್ಲದ್ದರಿಂದಲೇ ಇಂಥ ಗೊಂದಲ, ಯಾರು ಎಲ್ಲಿ ಕೂರಬೇಕು, ಎಲ್ಲಿ ನಿಲ್ಲಬೇಕು ಎಂದು ಕಾಯಿದೆಯನ್ನೇ ಮಾಡಿಬಿಡೋಣ ಎಂದ. ಅತ್ತಿಗೆ ನಂಬಿದಳು. ಮನೆಗೆ ಬಂದು ಓರಗಿತ್ತಿಯ ತಲೆ ಸವರಿ, ಕಾಯಿದೆ ಬರುತ್ತದೆ ಕಣೇ ಎಂದಳು.

ಕಾಯಿದೆ ಬಂತು. ಊರೂರಿನ ಗುಡಿಸುವವರನ್ನೆಲ್ಲ ಗುತ್ತಿಗೆದಾರರಿಗೆ ಒಪ್ಪಿಸುವ ಮಸೂದೆ. ಕಾಯಂ ಕೆಲಸ ಹೋಯಿತು. ಸತ್ತವನ ಕೆಲಸ ಹೆಂಡತಿಗೆ ಸಿಗುವುದು ಹೋಯಿತು. ನಡುವೆ ಒಂದು ಸಾಲಿತ್ತು: ಕೆಲಸದ ವೇಳೆಯಲ್ಲಿ ಶುಚಿತ್ವ ಸಿಬ್ಬಂದಿಯು ಸಾರ್ವಜನಿಕರ ಕಣ್ಣಿಗೆ ಬೀಳುವಂತೆ ಕೂರತಕ್ಕದ್ದಲ್ಲ. ಅತ್ತಿಗೆ ಅಕ್ಷರ ಕೂಡಿಸಿ ಕೂಡಿಸಿ ಅದನ್ನು ಓದಿದಳು. ಯಜಮಾನ ಮಾಡುತ್ತೇನೆ ಎಂದ ಕಾಯಿದೆ ಅದೇ. ಕೊಟ್ಟ ಮಾತು ಉಳಿಸಿಕೊಂಡಿದ್ದ.

ಮತದಾನದ ದಿನ ಅವಳನ್ನು ಕೊನೆಯ ಸಾಲಿನಿಂದ ಎತ್ತಿ ಮುಂದಿನ ಸಾಲಿಗೆ ತಂದರು. ಮೇಲಿನ ಗ್ಯಾಲರಿಯಲ್ಲಿ ಕ್ಯಾಮೆರಾದವರು ತುಂಬಿದ್ದರು. ಗುಡಿಸುವವರ ಮಸೂದೆಗೆ ಗುಡಿಸುವವಳೇ ಎದ್ದು ನಿಂತು ಬೆಂಬಲ ಕೊಟ್ಟಳು ಎಂದು ನಾಳೆ ಪತ್ರಿಕೆಯಲ್ಲಿ ಚಿತ್ರ ಬರಬೇಕು. ಬೇರೆಯವರ ಮತ ಮತ ಮಾತ್ರ, ಅವಳದು ಚಿತ್ರ. ಮುಖ್ಯ ಸಚೇತಕ ಕಿವಿಯ ಹತ್ತಿರ ಬಗ್ಗಿ, ಪರ ಇರುವವರು ಎದ್ದು ನಿಲ್ಲಿ ಅಂತಾರೆ, ಎದ್ದು ನಿಂತರೆ ಸಾಕು, ನಿನಗೆ ನಿಲ್ಲೋದು ಹೊಸದಾ ಎಂದು ಬೆನ್ನು ತಟ್ಟಿದ.

ಇಲ್ಲಿಂದ ಬುರುಡೆಗೆ ಮತ್ತೆ ರೆಕ್ಕೆ ಬಂತು. ಅವನೂ ಎದ್ದು ನಿಂತ. ಅತ್ತಿಗೆ ಸಿಂಹದ ಹಾಗೆ ಗರ್ಜಿಸಿದಳು. ಅವಳ ಒಂದೊಂದು ಮಾತಿಗೂ ತೂಗುದೀಪ ಒಂದೊಂದಾಗಿ ಉದುರಿತು. ಈ ಕಾಯಿದೆಗೆ ನಾನು ಏಳುವುದಿಲ್ಲ, ಭೂಮಿ ಬಾಯ್ಬಿಟ್ಟರೂ ಏಳುವುದಿಲ್ಲ ಎಂದು ಕಬ್ಬಿಣದ ಗುಂಡಿನಂತೆ ಕೂತಳು. ಕೂತ ಭಾರಕ್ಕೆ ಸರ್ಕಾರ ಬಿತ್ತು. ಕೋಳಿ, ಹಲ್ಲು, ಚಹಾದ ಲೋಟ, ಎಲ್ಲ ಮತ್ತೊಮ್ಮೆ ಬಂದವು. ಆಮೇಲೆ ಇಡೀ ಸಭೆ ಅವಳನ್ನು ಕುರ್ಚಿಯ ಸಮೇತ ಹೆಗಲ ಮೇಲೆ ಹೊತ್ತು—

"ಯಾರ ಹೆಗಲೋ ಅದು?"

ಬೆನ್ನ ಹಿಂದಿನ ದನಿ ಕೇಳಿ ಬುರುಡೆಯ ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ಅತ್ತಿಗೆ ಆಸ್ಪತ್ರೆ ಬೀದಿಯವರನ್ನು ಕಟ್ಟಿಕೊಂಡು ಬಂದಿದ್ದಳು. ಗಿಡ್ಡ ದೇಹ, ನರೆತ ಕೂದಲು, ಸೊಂಟದಲ್ಲಿ ಪೊರಕೆ.

"ಎಲ್ರದೂ, ಅತ್ತಿಗೆ" ಅಂದ ಮೆಲ್ಲಗೆ.

"ಅಲ್ಲಿ ಕುರ್ಚಿಗೆ ಬೋಲ್ಟ್ ಹಾಕಿ ನೆಲಕ್ಕೆ ಬಿಗಿದಿರ್ತಾರೆ. ನೆಲಾನೂ ಕಿತ್ಕೊಂಡು ಹೊತ್ರಾ?"

ಹೆಂಗಸರು ಬಿದ್ದು ಬಿದ್ದು ನಕ್ಕರು. ಹೊಸಬಳು ನಗಲಿಲ್ಲ. ಬುರುಡೆಯನ್ನು ನೋಡಿದಳು, ಅತ್ತಿಗೆಯನ್ನು ನೋಡಿದಳು, ಪೊರಕೆಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡಳು.

"ನಿಜ ಹೇಳು ಅವಳಿಗೆ" ಅಂದಳು ಅತ್ತಿಗೆ.

ಬುರುಡೆ ಹತ್ತಿರ ಬಂದು ದನಿ ತಗ್ಗಿಸಿದ. "ಬೇಡ ಅತ್ತಿಗೆ. ನಿಜ ಹೇಳಿದ್ರೆ ಹೆದರ್ಕೊಂಡು ಗುಡಿಸೋಕೆ ಹೋಗ್ತಾಳೆ. ಆಮೇಲೆ ನಮ್ಮ ಗತಿ?"

"ಹೋಗ್ಲಿ. ನಿನ್ನ ಸುಳ್ಳಿನ ಮೇಲೆ ಕೂತವಳು ಮೇಸ್ತ್ರಿ ಕೆಮ್ಮಿದ್ರೂ ಏಳ್ತಾಳೆ. ಹೇಳು."

ಬುರುಡೆ ತಲೆ ಕೆರೆದುಕೊಂಡ. ಅವನ ಜೀವಮಾನದಲ್ಲಿ ಇಷ್ಟು ಕಷ್ಟದ ಕೆಲಸ ಅವನಿಗೆ ಯಾರೂ ಹೇಳಿರಲಿಲ್ಲ. ಕೊನೆಗೆ ಹೇಳಿದ. ಕೈ ಆಡಿಸದೆ, ಯಾರ ದನಿಯನ್ನೂ ಮಾಡದೆ.

ಮೊದಲನೆಯದು, ಅವನು ಅಲ್ಲಿರಲೇ ಇಲ್ಲ. ಕಸದ ಗಾಡಿ ಗೇಟಿನ ಹೊರಗೆ ನಿಲ್ಲಿಸಿಕೊಂಡು ಕೂತಿದ್ದ, ಕಾವಲಿನವನು ಒಳಗೆ ಬಿಟ್ಟಿರಲಿಲ್ಲ. ಒಳಗಿನದೆಲ್ಲ ಅವನಿಗೆ ತಿಳಿದದ್ದು ಅಲ್ಲಿ ಗುಡಿಸುವವಳ ಬಾಯಿಂದ, ಆಮೇಲೆ ಅತ್ತಿಗೆಯ ಬಾಯಿಂದ.

ಅತ್ತಿಗೆ ಗರ್ಜಿಸಲಿಲ್ಲ. ಮತಕ್ಕೆ ಹಾಕುವ ಮೊದಲು ಮಾತಾಡಬೇಕೆಂದು ಎದ್ದಳು. ಐದು ವರ್ಷದಲ್ಲಿ ನಿಜವಾಗಿ ಮಾತಾಡಬೇಕೆಂದೇ ಎದ್ದದ್ದು ಅದೇ ಮೊದಲು. ಹೇಳಬೇಕಾದ್ದನ್ನು ಬಸ್ಸಿನಲ್ಲಿ ಬರುವಾಗ ಬಾಯಿಪಾಠ ಮಾಡಿಕೊಂಡಿದ್ದಳು, ಓರಗಿತ್ತಿಯ ಬಕೆಟ್ಟಿನಿಂದ ಶುರುಮಾಡಿ. ಸಭಾಧ್ಯಕ್ಷರು ತಲೆ ಎತ್ತಲಿಲ್ಲ. ಕೂತ್ಕೊಳ್ಳಮ್ಮ, ಯಾರೂ ಬಂದಿಲ್ಲ ಅಂದರು. ಸಭೆ ನಕ್ಕಿತು. ಅವಳು ನಿಂತೇ ಇದ್ದಳು. ಕೂತ್ಕೋ, ಕೂತ್ಕೋ ಎಂದು ಎರಡೂ ಕಡೆಯವರು ಕೂಗಿದರು. ಕಡಲೆಕಾಯಿ ಸಿಪ್ಪೆ ಯಾರೋ ಎಸೆದರು. ಅವಳು ಕೂತಳು.

ಆಮೇಲೆ ಪರ ಇರುವವರು ಎದ್ದು ನಿಲ್ಲಿ ಎಂದರು. ಸಾಲು ಸಾಲಾಗಿ ಎದ್ದರು. ಅವಳು ಏಳಲಿಲ್ಲ. ಸಚೇತಕ ಹಲ್ಲು ಕಡಿದು, ಏಳು ಅಂದ. ಅದೇ ಸಾಲಿನಲ್ಲಿದ್ದ ಯಜಮಾನ ಅವಳ ಕಡೆ ತಿರುಗಿ, ಏಳೇ ಅಂದ. ಆಗ ಅತ್ತಿಗೆ ಆಡಿದ್ದು ಒಂದೇ ಮಾತು. ಅವಳ ಇಡೀ ರಾಜಕೀಯದಲ್ಲಿ ಯಾರೂ ನಗದೆ ಕೇಳಿಸಿಕೊಂಡ ಮಾತು ಅದೊಂದೇ. "ಎಲ್ರೂ ಸೇರಿ ಕೂರು ಅಂದ್ರಿ. ಕೂತಿದ್ದೀನಿ. ಇನ್ನು ಏಳಲ್ಲ."

"ಕಬ್ಬಿಣದ ಗುಂಡು ಅಂದ್ಯಲ್ಲ, ಅದನ್ನೂ ಹೇಳು" ಎಂದು ಅತ್ತಿಗೆ ನಡುವೆ ಬಾಯಿ ಹಾಕಿದಳು. ಬುರುಡೆ ಬಾಯಿ ತೆರೆಯುವ ಮೊದಲೇ ಅತ್ತಿಗೆ ಹೊಸಬಳ ಕಡೆ ತಿರುಗಿ ತಾನೇ ಹೇಳಿದಳು.

"ಗುಂಡೂ ಇಲ್ಲ ಮಣ್ಣೂ ಇಲ್ಲ ಕಣವ್ವ. ಅಷ್ಟು ದೊಡ್ಡವರು ಸುತ್ತ ನಿಂತಿದ್ರೆ ನನ್ನ ಕಾಲು ತಾವಾಗೇ ಏಳ್ತಿದ್ವು. ನಾನು ಬೇಡ ಅಂದ್ರೂ ಏಳ್ತಿದ್ವು. ಅದಕ್ಕೇ ಪಾದ ಎರಡನ್ನೂ ಕುರ್ಚಿ ಕಾಲಿಗೆ ಸಿಕ್ಕಿಸ್ಕೊಂಡು, ಎರಡೂ ಕೈಲಿ ಅಡಿಯ ಹಲಗೆ ಹಿಡ್ಕೊಂಡೆ. ಅವರು ಎಬ್ಬಿಸ್ತಾರೆ ಅಂತಲ್ಲ, ನಾನೇ ಎದ್ದುಬಿಡ್ತೀನಿ ಅಂತ. ಹೆದರಿಕೆಗೆ ಕೂತಲ್ಲೇ ಉಚ್ಚೆ ಹೋಯ್ತು. ಮೆತ್ತನೆ ಕುರ್ಚಿ, ಎಲ್ಲ ಹೀರ್ಕೊಂಡ್ತು. ಆಮೇಲೆ ಅದನ್ನ ತಿಕ್ಕಿ ತೊಳೆದವಳೂ ನಮ್ಮವಳೇ."

ಯಾರೂ ನಗಲಿಲ್ಲ. ಬುರುಡೆಯ ಹೆಂಡತಿ ಕೂತಲ್ಲಿಂದಲೇ ಅತ್ತಿಗೆಯ ಪಾದದ ಮೇಲೆ ಕೈ ಇಟ್ಟಳು.

ಬುರುಡೆ ಉಳಿದದ್ದನ್ನು ಹೇಳಿ ಮುಗಿಸಿದ. ಯಾರೂ ಹೊರಲಿಲ್ಲ. ಮಾರ್ಷಲ್‌ಗಳು ಬಂದು ಅವಳ ಬೆರಳುಗಳನ್ನು ಹಲಗೆಯಿಂದ ಒಂದೊಂದಾಗಿ ಬಿಡಿಸಿದರು. ಬಲಗೈಯ ಕಿರುಬೆರಳು ಬಿಡಲಿಲ್ಲ, ಮುರಿಯಿತು. ಅದು ಇವತ್ತಿಗೂ ಮಡಚುವುದಿಲ್ಲ. ರೆಟ್ಟೆ ಹಿಡಿದು ನೆಲದ ಮೇಲೆ ಎಳೆದುಕೊಂಡು ಹೋದರು, ಅವಳು ಬಂದ ಹಿಂಬಾಗಿಲಿನಿಂದಲೇ ಹೊರಗೆ ಹಾಕಿದರು. ಕ್ಯಾಮೆರಾದವರಿಗೆ ಬೇಕಾದ ಚಿತ್ರ ಸಿಗಲಿಲ್ಲ, ಸಿಕ್ಕ ಚಿತ್ರವನ್ನು ಯಾರೂ ಅಚ್ಚು ಹಾಕಲಿಲ್ಲ. ಮಸೂದೆ ಪಾಸಾಯಿತು. ಅವಳೊಬ್ಬಳನ್ನು ಬಿಟ್ಟು ಅವಳ ಪಕ್ಷದವರೆಲ್ಲ ಎದ್ದು ನಿಂತಿದ್ದರು. ಪಕ್ಷ ಅವಳನ್ನು ಹೊರಗೆ ಹಾಕಿತು, ಸದಸ್ಯತ್ವ ರದ್ದಾಗಬೇಕೆಂದು ಪ್ರಕರಣ ಹೂಡಿತು, ವಿಚಾರಣೆ ಮುಗಿಯುವ ಮೊದಲು ಅವಧಿ ಮುಗಿಯಿತು. ಮುಂದಿನ ಚುನಾವಣೆಯಲ್ಲಿ ಚಿಕ್ಕ ಅಳಿಯ ಗೆದ್ದ. ಚಿಕ್ಕ ಅಳಿಯನ ಭಾವಮೈದುನ ಈ ಊರಿನ ಗುತ್ತಿಗೆ ಹಿಡಿದ. ಬೆಂಚು ಒಡೆಸಿದವನು ಅವನೇ.

"ಹಂಗಾದ್ರೆ ಸರ್ಕಾರ ಬೀಳ್ಲಿಲ್ಲ" ಅಂದಳು ಹೊಸಬಳು. ಆ ಬೆಳಿಗ್ಗೆ ಅವಳ ಬಾಯಿಂದ ಬಂದ ಮೊದಲ ಮಾತು.

"ಇಲ್ಲ" ಅಂದ ಬುರುಡೆ. "ಅಲ್ಲಾಡ್ಲೂ ಇಲ್ಲ."

ಗೇಟಿನ ಹತ್ತಿರ ಗುತ್ತಿಗೆದಾರನ ಕಾರು ಬಂದು ನಿಂತಿತು. ಮೇಸ್ತ್ರಿ ಮುಂದಿನ ಬಾಗಿಲಿನಿಂದ ಇಳಿದು ಓಡಿ ಹಿಂದಿನ ಬಾಗಿಲು ತೆಗೆದ. ಗುತ್ತಿಗೆದಾರ ಕನ್ನಡಕ ಸರಿಮಾಡಿಕೊಳ್ಳುತ್ತ ಮೆಟ್ಟಿಲ ಕಡೆ ನೋಡಿದ. ಕೂತವರ ಮಂಡಿಗಳಲ್ಲಿ ಹಳೆಯ ಪಾಠ ಮಿಸುಕಿತು; ಒಬ್ಬಿಬ್ಬರು ಕಾಲನ್ನು ಹತ್ತಿರಕ್ಕೆ ಎಳೆದುಕೊಂಡರು. ಎಲ್ಲರ ಕಣ್ಣೂ ನಿಂತವಳ ಮೇಲಿತ್ತು.

"ನಾನು ಅದಕ್ಕೇ ಹೆದರಿದ್ದೆ" ಅಂದಳು ಹೊಸಬಳು. "ಸರ್ಕಾರ ಬೀಳ್ಸೋ ಅಷ್ಟು ದೊಡ್ಡ ಕೆಲಸ ನನ್ನ ಕೈಲಿ ಆಗಲ್ಲ ಅಂತ. ಕಾಲು ಸಿಕ್ಕಿಸ್ಕೊಂಡು ಕೂರೋದಾದ್ರೆ ನಾನೂ ಕೂರ್ತೀನಿ."

ಅವಳು ಕಂಬ ಬಿಟ್ಟು ಬಂದಳು. ಮೆಟ್ಟಿಲು ತುಂಬಿತ್ತು, ಆಸ್ಪತ್ರೆ ಬೀದಿಯವರೂ ಕೂತಾಗಿತ್ತು. ಕಥೆ ಮುಗಿಸಿ ಮತ್ತೆ ಕೂತ ಬುರುಡೆಯೊಬ್ಬ ಮಧ್ಯದಲ್ಲಿ ಕಾಲು ಚಾಚಿ ಇಬ್ಬರ ಜಾಗ ಹಿಡಿದಿದ್ದ.

ಮೇಸ್ತ್ರಿ ಅಂಗಳ ದಾಟಿ ಬರುತ್ತಿದ್ದ. ಕಟ್ಟಿದ ಗಂಟಲಿನಲ್ಲೇ, ಏಳ್ರೀ ಎಲ್ಲ, ಏಳ್ರೀ ಎನ್ನುತ್ತಿದ್ದ. ಅತ್ತಿಗೆ ಅವನ ಕಡೆ ನೋಡಲಿಲ್ಲ.

"ಲೋ, ಆ ಕೋಳಿ?" ಅಂದಳು ಮೈದುನನಿಗೆ.

"ಕೋಳೀನೂ ಸುಳ್ಳು ಅತ್ತಿಗೆ."

"ಹಂಗಾದ್ರೆ ಜರುಗು. ಅವಳಿಗೆ ಜಾಗ ಬಿಡು."